ಅಂಗಳಕ್ಕೇ ಶಾಲೆ ತಂದ ತಾರಾಬಾಯಿ ಮೋಡಕ್

ಅಂಗನವಾಡಿ ಎಂಬ ಮಾತು ಕನ್ನಡದ್ದೇ ಅನ್ನುವಷ್ಟು ನಮ್ಮ ಬಾಯಿಗೆ ಒಗ್ಗಿಹೋಗಿದೆ. ಮನೆಯಂಗಳದಲ್ಲಿ ನಡೆಯುವ ಈ ಪುಟ್ಟ ಶಾಲೆಯ ಕಲ್ಪನೆ ಬೇರುಬಿಟ್ಟದ್ದು ಮುಂಬೈಯ ಉತ್ತರಕ್ಕೆ, ಡಹಾಣು ತಾಲ್ಲೂಕಿನ ಬೋರ್ಡಿ ಎಂಬ ಕಡಲತೀರದ ಊರಿನಲ್ಲಿ. ಅದರ ಹಿಂದಿದ್ದವರು ತಾರಾಬಾಯಿ ಮೋಡಕ್.

ತಾರಾಬಾಯಿ ಹುಟ್ಟಿದ್ದು 1892ರಲ್ಲಿ, ಮುಂಬೈಯಲ್ಲಿ. ಹೆಣ್ಣುಮಕ್ಕಳು ಕಾಲೇಜು ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ, 1914ರಲ್ಲಿ ಪದವಿ ಪಡೆದರು. ಮದುವೆ ಉಳಿಯಲಿಲ್ಲ. ಮುಂದೆ ರಾಜಕೋಟದಲ್ಲಿ ಶಿಕ್ಷಕಿಯರ ತರಬೇತಿ ಕಾಲೇಜಿನ ಪ್ರಾಂಶುಪಾಲರಾದರು. ಆ ಹುದ್ದೆಯನ್ನೂ ಬಿಟ್ಟು 1923ರಲ್ಲಿ ಭಾವನಗರದ ಗಿಜುಭಾಯಿ ಬಧೇಕಾ ಅವರ ಬಾಲಮಂದಿರ ಸೇರಿದರು. ಹೊಡೆತ, ಬೈಗುಳ, ಬಾಯಿಪಾಠಗಳಿಲ್ಲದೆ ಮಕ್ಕಳು ಆಡುತ್ತಾ ಕಲಿಯುವುದನ್ನು ಅಲ್ಲಿ ಕಂಡರು. 1926ರಲ್ಲಿ ಇಬ್ಬರೂ ಸೇರಿ ನೂತನ ಬಾಲ ಶಿಕ್ಷಣ ಸಂಘ ಕಟ್ಟಿದರು. 1936ರಲ್ಲಿ ದಾದರಿನಲ್ಲಿ ಶಿಶುವಿಹಾರ ಶುರುವಾಯಿತು.

ಆದರೆ ಇದೆಲ್ಲ ನಗರದ ಅನುಕೂಲಸ್ಥರ ಮಕ್ಕಳಿಗೇ ಮುಗಿದುಹೋಗುತ್ತಿತ್ತು. ಹಳ್ಳಿಯ ಬಡಮಕ್ಕಳ ಗತಿ? 1945ರಲ್ಲಿ ತಾರಾಬಾಯಿ ಬೋರ್ಡಿಗೆ ಬಂದರು. ಬಾಲವಿಧವೆಯಾಗಿದ್ದು ಓದಿ ಶಿಕ್ಷಕಿಯಾದ ಅನುತಾಯಿ ವಾಘ್ ಅವರ ಜೊತೆಯಾದರು. ಬಾಲವಾಡಿ ತೆರೆದರೂ ದಲಿತ, ಆದಿವಾಸಿ ಕೇರಿಗಳ ಮಕ್ಕಳು ಬರಲಿಲ್ಲ. ತಂದೆತಾಯಿ ಹೊಟ್ಟೆಪಾಡಿಗೆ ಹೊರಟರೆ, ಐದಾರು ವರ್ಷದ ಮಗು ತಮ್ಮನನ್ನೋ ತಂಗಿಯನ್ನೋ ಸೊಂಟದಲ್ಲಿ ಹೊತ್ತು ಮನೆ ಕಾಯಬೇಕಿತ್ತು. ತಾರಾಬಾಯಿ ಹೆತ್ತವರನ್ನು ದೂರುತ್ತ ಕೂರಲಿಲ್ಲ. ಶಾಲೆಯನ್ನೇ ಕೇರಿಯ ಅಂಗಳಕ್ಕೆ ಒಯ್ದರು. ಮೊದಲು ಮಕ್ಕಳ ಮೈ ತೊಳೆದು, ತಲೆ ಬಾಚುವುದು. ಆಮೇಲೆ ಹಾಡು, ಆಟ, ಎಣಿಕೆ. ದುಬಾರಿ ಮಾಂಟೆಸ್ಸರಿ ಸಾಮಾನುಗಳ ಬದಲು ಕಲ್ಲು, ಕಪ್ಪೆಚಿಪ್ಪು, ಎಲೆ, ಬೀಜ. ಎಲ್ಲವೂ ಮನೆಯವರ ಕಣ್ಣೆದುರೇ ನಡೆಯುತ್ತಿದ್ದುದರಿಂದ ಕಲಿಕೆ ಅವರಿಗೂ ಪರಕೀಯ ಎನಿಸಲಿಲ್ಲ.

1957ರಲ್ಲಿ ಕೆಲಸ ಹತ್ತಿರದ ಕೋಸಬಾಡದ ಗುಡ್ಡಕ್ಕೆ, ವಾರ್ಲಿ ಜನರ ನಡುವೆ ಸಾಗಿತು. ಅಲ್ಲಿ ಶಿಶುಪಾಲನಾ ಗೃಹ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಕಡೆ ಸೇರಿಸಿದರು. ಕೂಸನ್ನು ಒಂದು ಕಡೆ ಬಿಟ್ಟು ಅಕ್ಕ ಪಕ್ಕದಲ್ಲೇ ಪಾಠಕ್ಕೆ ಕೂರಬಹುದಾಯಿತು. ದನ ಮೇಯಿಸುವ ಮಕ್ಕಳಿಗಾಗಿ ಹುಲ್ಲುಗಾವಲಲ್ಲೇ ಶಾಲೆ ನಡೆಯಿತು. 1962ರಲ್ಲಿ ತಾರಾಬಾಯಿಗೆ ಪದ್ಮಭೂಷಣ ಬಂತು.

1973ರಲ್ಲಿ ಅವರು ತೀರಿಕೊಂಡರು. ಎರಡೇ ವರ್ಷಗಳಲ್ಲಿ, 1975ರ ಅಕ್ಟೋಬರ್ 2ರಂದು, ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಅದರ ಕೇಂದ್ರಗಳಿಗೆ ಅಂಗನವಾಡಿ ಎಂದೇ ಹೆಸರು.

ಲ್ಯಾಪ್‌ಟಾಪ್ ಮುಂದೆ ದಿನ ಕಳೆಯುವ ನನ್ನಂಥ ತಾಯಂದಿರು ಫೀಸು ಕಟ್ಟಿದರೆ ನಮ್ಮ ಪಾಲಿನದು ಮುಗಿಯಿತು ಅಂದುಕೊಳ್ಳುವುದು ಸುಲಭ. ಮನೆಗೂ ಶಾಲೆಗೂ ನಡುವಿನ ಗೋಡೆ ಕೆಡವಲು ತಾರಾಬಾಯಿ ಬದುಕನ್ನೇ ಸವೆಸಿದರು. ಹೊರನಾಡಿನಲ್ಲಿರುವ ನಮ್ಮ ಮಕ್ಕಳ ಕನ್ನಡದ ಅಂಗಳವಂತೂ ನಾವೇ. ಭಾನುವಾರದ ಕನ್ನಡ ತರಗತಿಗೆ ಮಗುವನ್ನು ಬಿಟ್ಟು ಬರುವ ಬದಲು ಅರ್ಧ ಗಂಟೆ ಜೊತೆಗೆ ಕೂರೋಣ. ಮನೆಯಲ್ಲಿರುವ ಅಜ್ಜಿಯನ್ನೂ ಕರೆತಂದು ಒಂದು ಕಥೆ ಹೇಳಿಸೋಣ. ಅದಕ್ಕೆ ದೊಡ್ಡ ಕಟ್ಟಡ ಬೇಡ, ಒಂದು ಚಾಪೆ ಸಾಕು.