ಭಟ್ಟಿಗೆ ಅಳತೆ ಕಲಿಸಿದ ಜೇಮ್ಸ್ ಕ್ರೋ

ಮದ್ಯದ ರುಚಿ ನೋಡಿ ಅಂಕ ಕೊಡುವ ರಸಿಕರು ಅಮೆರಿಕದಲ್ಲಿ ಬಹು ಮಂದಿ. ಅಗ್ಗದ ಬರ್ಬನ್ ವಿಸ್ಕಿಯನ್ನೂ ಅವರು ಬಿಡುವುದಿಲ್ಲ. ಬಣ್ಣವನ್ನು ನೋಡಿ, ಗಂಧವನ್ನು ಗ್ರಹಿಸಿ, ಗುಟುಕನ್ನು ನಾಲಗೆಯ ಮೇಲೆ ಹೊರಳಿಸಿ ತೀರ್ಪು ಹೇಳುತ್ತಾರೆ. ಕುಡಿತದ ಒಳಿತು ಕೆಡುಕುಗಳ ಚರ್ಚೆ ಬೇರೆ. ಆದರೆ ಇಂಥ ತೀರ್ಪಿಗೆ ಬೆಲೆ ಬರಬೇಕಾದರೆ ಇಂದು ಸವಿದ ರುಚಿಯೇ ನಾಳೆ ಕೊಳ್ಳುವ ಸೀಸೆಯಲ್ಲಿಯೂ ಇರಬೇಕಷ್ಟೆ. ಆ ಭರವಸೆಯನ್ನು ಬರ್ಬನ್ನಿಗೆ ತಂದುಕೊಟ್ಟವರಲ್ಲಿ ಮುಖ್ಯನಾದವನು ಜೇಮ್ಸ್ ಕ್ರೋ.

ಕ್ರೋ ಸ್ಕಾಟ್ಲೆಂಡಿನವನು. ಎಡಿನ್‌ಬರೋದಲ್ಲಿ ವೈದ್ಯವನ್ನೂ ರಸಾಯನಶಾಸ್ತ್ರವನ್ನೂ ಕಲಿತನೆಂದು ಪ್ರತೀತಿ. 1820ರ ದಶಕದಲ್ಲಿ ಅಮೆರಿಕ ಸೇರಿ, ಕೆಂಟಕಿಯ ವುಡ್‌ಫೋರ್ಡ್ ಪ್ರಾಂತದಲ್ಲಿ ನೆಲೆಸಿದನು. ಅಲ್ಲಿ ಗ್ಲೆನ್ಸ್ ಕ್ರೀಕ್ ಎಂಬ ತೊರೆಯ ದಡದಲ್ಲಿ ಆಸ್ಕರ್ ಪೆಪ್ಪರನ ಭಟ್ಟಿಯಿತ್ತು. ಕ್ರೋ ತನ್ನ ಬಾಳಿನ ಹಲವು ವರ್ಷಗಳನ್ನು ಕಳೆದುದು ಅಲ್ಲಿಯೇ. ಒಡೆಯನಾಗಿ ಅಲ್ಲ, ಕೆಲಸಗಾರನಾಗಿ.

ಆ ಕಾಲದ ರೈತರು ಮುಸುಕಿನ ಜೋಳದ ಗಂಜಿಯನ್ನು ಕಣ್ಣಳತೆಯಿಂದ, ಕೈಯಳತೆಯಿಂದ ಹುದುಗಿಸುತ್ತಿದ್ದರು. ಒಂದು ಸಲ ಇಳಿದದ್ದು ಸೊಗಸಾದರೆ ಮತ್ತೊಂದು ಸಲ ಇಳಿದದ್ದು ಕೆಟ್ಟಿರುತ್ತಿತ್ತು. ಕ್ರೋ ಅಲ್ಲಿಗೆ ಉಷ್ಣಮಾಪಕವನ್ನು ತಂದನು, ಸಕ್ಕರೆಯ ಅಂಶವನ್ನು ಅಳೆದನು, ಹುಳಿಯನ್ನು ಪರೀಕ್ಷಿಸಿದನು, ಪಾತ್ರೆಗಳ ಶುಚಿಗೆ ಕಟ್ಟುನಿಟ್ಟು ಮಾಡಿದನು. ಹಿಂದಿನ ಭಟ್ಟಿಯಲ್ಲಿ ಮದ್ಯ ಇಳಿಸಿದ ಮೇಲೆ ಉಳಿದ ಹುಳಿ ತಿಳಿಯಲ್ಲಿ ಒಂದು ಪಾಲನ್ನು ಹೊಸ ಗಂಜಿಗೆ ಬೆರೆಸುವ ಪದ್ಧತಿಯನ್ನು ಆತನು ಕ್ರಮಬದ್ಧಗೊಳಿಸಿದನು. ಇದು ನಮ್ಮ ಮೊಸರಿನ ಹೆಪ್ಪನ್ನು ನೆನಪಿಗೆ ತಂದರೂ ಅದರಂತೆಯೇ ಅಲ್ಲ. ಕುದಿಯಲ್ಲಿ ಯೀಸ್ಟ್ ಸತ್ತಿರುತ್ತದೆ, ಉಳಿಯುವುದು ಹುಳಿ. ಆ ಹುಳಿ ಕೆಡಿಸುವ ಸೂಕ್ಷ್ಮಜೀವಿಗಳನ್ನು ತಡೆದು, ಹೊಸದಾಗಿ ಹಾಕಿದ ಯೀಸ್ಟಿಗೆ ಅನುಕೂಲವಾದ ನೆಲೆಯನ್ನು ಒದಗಿಸುತ್ತದೆ.

ಈ ಪದ್ಧತಿಯನ್ನು ಕ್ರೋ ಕಂಡುಹಿಡಿದನೆಂಬ ಮಾತು ಸರಿಯಲ್ಲ. ಕೆಂಟಕಿಯ ಕ್ಯಾಥರೀನ್ ಕಾರ್ಪೆಂಟರ್ ಎಂಬಾಕೆ 1818ರಲ್ಲಿಯೇ ಇದನ್ನು ಬರೆದಿಟ್ಟಿದ್ದಳು. ಊಹೆಯಿದ್ದಲ್ಲಿ ಅಳತೆಯನ್ನು ತಂದುದೇ ಕ್ರೋವಿನ ಹಿರಿಮೆ. ಒಂದು ಬುಷೆಲ್ ಧಾನ್ಯಕ್ಕೆ ಎರಡೂವರೆ ಗ್ಯಾಲನ್ನಿಗಿಂತ ಹೆಚ್ಚು ಇಳಿಸಲು ಆತ ಒಪ್ಪುತ್ತಿರಲಿಲ್ಲವೆಂಬ ಮಾತೂ ಉಳಿದುಬಂದಿದೆ. ಪೆಪ್ಪರ್ ಗುಲಾಮರನ್ನು ಇಟ್ಟುಕೊಂಡಿದ್ದ ಜಮೀನ್ದಾರ. ಆ ಭಟ್ಟಿಯ ಕೀರ್ತಿಯಲ್ಲಿ ಚರಿತ್ರೆ ಹೆಸರಿಸದ ಆ ದುಡಿಮೆಗಾರರ ಪಾಲನ್ನೂ ಮರೆಯಲಾಗದು.

1856ರಲ್ಲಿ ಕ್ರೋ ತೀರಿಕೊಂಡನು. ಆತನ ಬಳಿ ಕೆಲಸ ಕಲಿತ ವಿಲಿಯಂ ಮಿಚೆಲ್ ಆ ಕ್ರಮವನ್ನು ಮುಂದುವರಿಸಿದನು. ‘ಓಲ್ಡ್ ಕ್ರೋ’ ಎಂಬ ಹೆಸರು ಮಾತ್ರ ವ್ಯಾಪಾರಿಗಳ ಕೈಯಿಂದ ಕೈಗೆ ಸಾಗಿ, 1987ರಲ್ಲಿ ಜಿಮ್ ಬೀಮ್ ಸಂಸ್ಥೆಯ ಪಾಲಾಯಿತು. ಒಂದು ಕಾಲಕ್ಕೆ ಉತ್ತಮ ವಿಸ್ಕಿಗೆ ಪರ್ಯಾಯವೆನಿಸಿದ್ದ ಆ ಹೆಸರು ಈಗ ಅಗ್ಗದ ಸೀಸೆಗಳ ಸಾಲಿನಲ್ಲಿದೆ. ಪೆಪ್ಪರನ ಭಟ್ಟಿಯಿದ್ದ ನೆಲದಲ್ಲಾದರೋ ಇಂದು ಹೆಚ್ಚು ಬೆಲೆಯ ವುಡ್‌ಫೋರ್ಡ್ ರಿಸರ್ವ್ ತಯಾರಾಗುತ್ತಿದೆ. ಹೆಸರು ಒಂದು ಕಡೆ, ಸ್ಥಳ ಇನ್ನೊಂದು ಕಡೆ ಉಳಿದವು. ಆತ ಕಲಿಸಿದ ಅಳತೆ ಮಾತ್ರ ಅಗ್ಗವೆನ್ನದೆ, ದುಬಾರಿಯೆನ್ನದೆ ಎರಡರಲ್ಲಿಯೂ ಸೇರಿಕೊಂಡಿದೆ. ಬೆಲೆ ನೋಡದೆ ರುಚಿಯನ್ನು ತೂಗುವವರಿಗೆ ತಕ್ಕಡಿಯನ್ನು ಒದಗಿಸಿದವರಲ್ಲಿ ಆತನೂ ಒಬ್ಬ.