ನೇಕಾರನಾದ ಭಕ್ತನು

ಜರ್ಮನಿ ದೇಶದ ಮೋರ್ಸ್ ಪಟ್ಟಣದಲ್ಲಿ ಗೆರ್ಹಾರ್ಡ್ ತೆರ್ಸ್ಟೇಗೆನ್ ಎಂಬವರು 1697ನೆಯ ಇಸವಿಯಲ್ಲಿ ಹುಟ್ಟಿದರು. ಬಾಲ್ಯದಲ್ಲಿಯೇ ತಂದೆಯು ತೀರಿಹೋದನು. ಲತೀನು ಶಾಲೆಯಲ್ಲಿ ಕಲಿತ ಮೇಲೆ ಇವರು ವ್ಯಾಪಾರ ಕಲಿಯುವದಕ್ಕೆ ಮ್ಯೂಲ್‌ಹೈಮ್ ಊರಿಗೆ ಕಳುಹಿಸಲ್ಪಟ್ಟರು. ಆದರೆ ವ್ಯಾಪಾರದ ಗದ್ದಲದಲ್ಲಿ ಪ್ರಾರ್ಥನೆಗೆ ಸಮಾಧಾನ ಸಿಕ್ಕದ ಕಾರಣ ಅದನ್ನು ಬಿಟ್ಟು, ಏಕಾಂತದಲ್ಲಿ ರೇಷ್ಮೆಪಟ್ಟಿಗಳನ್ನು ನೇಯುತ್ತಾ ಜೀವಿಸಿದರು. ಗಳಿಸಿದ ಅಲ್ಪದಲ್ಲಿಯೂ ಬಡವರಿಗೆ ಪಾಲು ಕೊಟ್ಟರು.

ಇಷ್ಟಾದಾಗ್ಯೂ ದೇವರು ದೂರವಾಗಿರುವಂತೆ ತೋರಿತು. ಕೆಲವು ವರುಷ ಇವರ ಆತ್ಮವು ಕತ್ತಲೆಯಲ್ಲಿ ಬಳಲಿತು. ಹೃದಯವು ಒಣಗಿದ್ದರೂ ಇವರು ಮೊಣಕಾಲೂರುವದನ್ನು ಬಿಡಲಿಲ್ಲ. ಕಡೆಗೆ 1724ರಲ್ಲಿ ಕ್ರಿಸ್ತನ ಕೃಪೆಯು ಇವರಿಗೆ ಪ್ರಕಾಶಿಸಿತು. ಶುಭ ಶುಕ್ರವಾರದ ಹಿಂದಿನ ದಿನ ತಮ್ಮನ್ನು ಕರ್ತನಿಗೆ ಒಪ್ಪಿಸುವ ಒಡಂಬಡಿಕೆಯನ್ನು ಸ್ವಂತ ರಕ್ತದಿಂದ ಬರೆದರು. ನಾವು ಹಾಗೆ ಬರೆಯಬೇಕಾಗಿಲ್ಲ. ನಮ್ಮನ್ನು ರಕ್ಷಿಸುವದು ಕ್ರಿಸ್ತನ ರಕ್ತವೊಂದೇ.

1728ರಲ್ಲಿ ನೇಯ್ಗೆಯನ್ನು ಬಿಟ್ಟು ವಾಕ್ಯಸೇವೆಗೆ ನಿಂತರು. ರೋಗಿಗಳಿಗೆ ಔಷಧವನ್ನೂ ಸಿದ್ಧಮಾಡಿ ಕೊಡುತ್ತಿದ್ದರು. 1729ರಲ್ಲಿ ಇವರ ಗೀತಪುಸ್ತಕವು ಅಚ್ಚಾಯಿತು. ಆರಾಧನೆಯಲ್ಲಿ ದೇವರ ಸಾನ್ನಿಧ್ಯವನ್ನು ಕುರಿತು ಇವರು ರಚಿಸಿದ ಗೀತೆಯನ್ನು ಇಂದಿಗೂ ಅನೇಕ ದೇಶಗಳ ಸಭೆಗಳು ಹಾಡುತ್ತವೆ. 1769ರ ಏಪ್ರಿಲ್ 3ರಂದು ಕರ್ತನಲ್ಲಿ ನಿದ್ರೆಹೋದರು.

ಪ್ರಿಯರೇ, ಬೆಳಗಿನಿಂದ ಗದ್ದೆಯಲ್ಲಿ ದಣಿದು ಸಂಜೆಯ ಪ್ರಾರ್ಥನೆಗೆ ಕೂಡುವಾಗ ನಮ್ಮ ಬಾಯಿ ಹಾಡಿದರೂ ಮನಸ್ಸು ಬರಿದಾಗಿರುವದುಂಟು. ಆಗ ದೇವರು ನಮ್ಮನ್ನು ಬಿಟ್ಟನೆಂದು ಎದ್ದುಹೋಗಬಾರದು. ಆತನಿಗಾಗಿ ಹಂಬಲಿಸುವ ಆತ್ಮವನ್ನು ಆತನೇ ಎಳೆಯುತ್ತಿದ್ದಾನೆ. ಕಾದಿರೋಣ.