ಪ್ರಧಾನಿಯ ಗುಳಿಗೆ

ಮಹಾಪುರುಷರ ಚರಿತ್ರೆಯನ್ನು ಬರೆಯುವವರು ಅವರು ಮಾಡಿದ ಯುದ್ಧಗಳನ್ನೂ ಸಂಧಿಗಳನ್ನೂ ವಿಸ್ತಾರವಾಗಿ ವರ್ಣಿಸುತ್ತಾರೆ. ಅವರ ಔಷಧಿಯ ಪೆಟ್ಟಿಗೆಯನ್ನು ತೆರೆದು ನೋಡುವುದು ಅಪರೂಪ. ಇತಿಹಾಸದ ವಿದ್ಯಾರ್ಥಿಯಾದ ನಾನು ಸೂಯೆಜ್ ಕಾಲುವೆಯ ಪ್ರಕರಣವನ್ನು ಓದುವಾಗ ಒಂದು ಸಂಗತಿ ಬಹಳ ದಿನ ನನ್ನ ಮನಸ್ಸಿನಲ್ಲಿ ನಿಂತಿತು. 1956ರಲ್ಲಿ ಬ್ರಿಟನ್ನಿನ ಪ್ರಧಾನಮಂತ್ರಿಯಾಗಿದ್ದ ಸರ್ ಆಂಟನಿ ಈಡನ್ನರು, ಮನಸ್ಸನ್ನು ಎಬ್ಬಿಸುವ ಮದ್ದನ್ನೂ ಮಲಗಿಸುವ ಮದ್ದನ್ನೂ ಒಂದರಲ್ಲೇ ಬೆರೆಸಿದ್ದ ಗುಳಿಗೆಯನ್ನು ಸೇವಿಸುತ್ತಿದ್ದರು. ಅವರ ಜೀವನವನ್ನು ಆ ಗುಳಿಗೆಯ ಕಡೆಯಿಂದ ಸಂಗ್ರಹವಾಗಿ ನಿರೂಪಿಸುವುದೇ ನನ್ನ ಉದ್ದೇಶ.

ಈಡನ್ನರು 1897ರ ಜೂನ್ 12ರಂದು ಉತ್ತರ ಇಂಗ್ಲೆಂಡಿನ ಡರಮ್ ಪ್ರಾಂತದ ಶ್ರೀಮಂತ ಮನೆತನದಲ್ಲಿ ಹುಟ್ಟಿದರು. ಮೊದಲನೆಯ ಮಹಾಯುದ್ಧದಲ್ಲಿ ಇಬ್ಬರು ಸಹೋದರರನ್ನು ಕಳೆದುಕೊಂಡರು. ತಾವೂ ಕಾದಾಡಿ, ಶೌರ್ಯಕ್ಕಾಗಿ ಮಿಲಿಟರಿ ಕ್ರಾಸ್ ಪಡೆದರು. ಯುದ್ಧಾನಂತರ ಆಕ್ಸ್‌ಫರ್ಡಿನಲ್ಲಿ ಪಾರಸಿ, ಅರಬ್ಬಿ ಭಾಷೆಗಳನ್ನು ಓದಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರು. 1923ರಲ್ಲಿ ಪಾರ್ಲಿಮೆಂಟನ್ನು ಪ್ರವೇಶಿಸಿ, 1935ರಲ್ಲಿ, ಇನ್ನೂ ಮೂವತ್ತೆಂಟರ ಹರೆಯದಲ್ಲಿರುವಾಗಲೇ, ವಿದೇಶಾಂಗ ಮಂತ್ರಿಯಾದರು. ಮುಸ್ಸೋಲಿನಿಯೊಡನೆ ವ್ಯವಹರಿಸುವ ವಿಷಯದಲ್ಲಿ ಪ್ರಧಾನಿ ಚೇಂಬರ್ಲೇನರೊಡನೆ ಭಿನ್ನಾಭಿಪ್ರಾಯ ತಲೆದೋರಲು 1938ರಲ್ಲಿ ಪದವಿಯನ್ನೇ ತೊರೆದರು. ಎರಡನೆಯ ಮಹಾಯುದ್ಧದಲ್ಲಿ ಚರ್ಚಿಲ್ಲರ ಬಲಗೈಯಾಗಿ ದುಡಿದರು. 1945ರಲ್ಲಿ ಅವರ ಹಿರಿಯ ಮಗ ಬರ್ಮಾದ ರಣರಂಗದಲ್ಲಿ ಮಡಿದನು.

1954ರ ಜಿನೀವಾ ಸಮ್ಮೇಳನದಲ್ಲಿ ಇಂಡೋಚೀನದ ಯುದ್ಧವನ್ನು ನಿಲ್ಲಿಸಲು ಈಡನ್ನರು ವಾರಗಟ್ಟಲೆ ಪಟ್ಟ ಶ್ರಮ ಅಸಾಧಾರಣವಾದುದು. ವಾಚಕರು ಇದನ್ನು ನೆನಪಿಟ್ಟುಕೊಳ್ಳಬೇಕು. ಎರಡೇ ವರ್ಷಗಳ ತರುವಾಯ ಅವಸರಪಟ್ಟು ಯುದ್ಧಕ್ಕಿಳಿದವರೂ ಇವರೇ.

ಈ ಎರಡು ಚಿತ್ರಗಳ ಹಿನ್ನೆಲೆಯಲ್ಲಿ ಒಂದು ದೇಹವ್ಯಥೆಯಿದೆ. 1953ರ ಏಪ್ರಿಲಿನಲ್ಲಿ ಲಂಡನ್ನಿನಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ನಡೆಯುವಾಗ ಅವರ ಪಿತ್ತನಾಳಕ್ಕೆ ಘಾಸಿಯಾಯಿತು. ಎರಡನೆಯ ಸಲ ಕೊಯ್ದರೂ ಸರಿಹೋಗದೆ, ಜೂನ್ ತಿಂಗಳಲ್ಲಿ ಅಮೆರಿಕದ ಬಾಸ್ಟನ್ನಿಗೆ ಹೋಗಿ ಮೂರನೆಯ ಸಲ ಕತ್ತಿಗೆ ಮೈಯೊಡ್ಡಬೇಕಾಯಿತು. ಪ್ರಾಣವೇನೋ ಉಳಿಯಿತು, ಆದರೆ ಆಗಾಗ ಹೊಟ್ಟೆನೋವು, ಚಳಿಜ್ವರ, ನಿದ್ರಾಹೀನತೆ ಅವರ ಬೆನ್ನು ಬಿಡಲಿಲ್ಲ. 1955ರ ಏಪ್ರಿಲಿನಲ್ಲಿ ಪ್ರಧಾನಿಯ ಪೀಠವನ್ನೇರಿದವರು ಇಂಥ ಶರೀರವನ್ನು ಹೊತ್ತ ಮನುಷ್ಯರು.

ಈಗ ಆ ಗುಳಿಗೆಯ ವಿಷಯ. ಅದರ ಹೆಸರು ಡ್ರಿನಮಿಲ್. ಒಂದೊಂದು ಗುಳಿಗೆಯಲ್ಲಿ 5 ಮಿಲಿಗ್ರಾಂ ಡೆಕ್ಸಾಂಫೆಟಮೈನೂ 32 ಮಿಲಿಗ್ರಾಂ ಅಮಿಲೋಬಾರ್ಬಿಟೋನೂ ಇದ್ದವು. ಮೊದಲನೆಯದು ಉತ್ತೇಜಕ: ದಣಿವನ್ನು ಮರೆಸುತ್ತದೆ, ಹುಮ್ಮಸ್ಸು ತರುತ್ತದೆ, ನಿದ್ದೆಯನ್ನು ಓಡಿಸುತ್ತದೆ. ಎರಡನೆಯದು ಶಾಮಕ: ತಳಮಳವನ್ನು ತಗ್ಗಿಸುತ್ತದೆ. ಖಿನ್ನತೆಗೆಂದೇ ತಯಾರಾದ ಔಷಧಗಳು ಆಗ ಇನ್ನೂ ರೂಢಿಗೆ ಬಂದಿರಲಿಲ್ಲ. ಇಮಿಪ್ರಮಿನ್, ಇಪ್ರೋನಿಯಜಿಡ್‌ಗಳು ಆ ಕೆಲಸಕ್ಕೆ ಹೆಸರಾದದ್ದು 1957ರಿಂದೀಚೆಗೆ. ಹೀಗಾಗಿ ಖಿನ್ನತೆ, ತಳಮಳ, ಆಯಾಸ ಮೂರಕ್ಕೂ ವೈದ್ಯರು ಡ್ರಿನಮಿಲನ್ನೇ ಬರೆದುಕೊಡುತ್ತಿದ್ದರು. ಒಂದರ ದೋಷವನ್ನು ಇನ್ನೊಂದು ಸರಿದೂಗಿಸುವುದೆಂದು ಅಂದಿನ ನಂಬಿಕೆ. ನಿಜವಾಗಿ ನಡೆಯುವುದು ಬೇರೆ. ಶಾಮಕವು ಉತ್ತೇಜಕದ ನಡುಕವನ್ನು ಮರೆಮಾಡುತ್ತದೆ, ಉತ್ತೇಜಕವು ಶಾಮಕದ ಮಂಪರನ್ನು ಮರೆಮಾಡುತ್ತದೆ. ಎರಡೂ ಕೂಡಿ ದೇಹವು ಕೊಡುವ ಎಚ್ಚರಿಕೆಯನ್ನೇ ಅಡಗಿಸಿಬಿಡುತ್ತವೆ. ಗಾಡಿಯ ಎತ್ತನ್ನು ಚಾವಟಿಯಿಂದ ಹೊಡೆಯುತ್ತಲೇ ಮೂಗುದಾರವನ್ನೂ ಜಗ್ಗಿ ಹಿಡಿದಂತೆ! ಗಾಡಿ ನೆಟ್ಟಗೆ ಹೋಗುವಂತೆ ಕಂಡೀತು, ಎತ್ತಿನ ಪಾಡೇನು?

1956ರ ಜುಲೈ 26ರಂದು ಈಜಿಪ್ಟಿನ ಅಧ್ಯಕ್ಷ ನಾಸರರು ಸೂಯೆಜ್ ಕಾಲುವೆಯ ಕಂಪನಿಯನ್ನು ರಾಷ್ಟ್ರೀಕರಿಸಿದರು. ಆಗಸ್ಟಿನಲ್ಲಿ ಲಂಡನ್ನಿನಲ್ಲಿ ಸಮ್ಮೇಳನ ಕೂಡಿತು, ನಮ್ಮ ವಿ. ಕೆ. ಕೃಷ್ಣಮೆನನ್ನರು ಭಾರತದ ಪರವಾಗಿ ಸಂಧಾನದ ಸೂತ್ರವೊಂದನ್ನು ಮುಂದಿಟ್ಟರು. ಅದು ಫಲಿಸಲಿಲ್ಲ. ಅಕ್ಟೋಬರ್ 5ರಂದು, ಆಸ್ಪತ್ರೆಯಲ್ಲಿದ್ದ ಮಡದಿಯನ್ನು ನೋಡಲು ಹೋದ ಈಡನ್ನರು ತಾವೇ ಜ್ವರದಿಂದ ಕುಸಿದರು. ಮೈಕಾವು 106 ಡಿಗ್ರಿಗೆ ಏರಿತ್ತು. ಕೆಲವೇ ದಿನಗಳಲ್ಲಿ ಮೇಲೆದ್ದು ಕೆಲಸಕ್ಕೆ ನಿಂತರು. ಅಕ್ಟೋಬರ್ 14ರಂದು ಫ್ರಾನ್ಸಿನ ದೂತರು ಗುಪ್ತವಾದೊಂದು ಹಂಚಿಕೆಯನ್ನು ತಂದರು: ಇಸ್ರೇಲು ಈಜಿಪ್ಟಿನ ಮೇಲೆ ಬೀಳುವುದು, ಜಗಳ ಬಿಡಿಸುವ ನೆವದಿಂದ ಬ್ರಿಟನ್-ಫ್ರಾನ್ಸ್‌ಗಳು ಕಾಲುವೆಯನ್ನು ಹಿಡಿಯುವುದು. ಈಡನ್ನರು ಇದಕ್ಕೆ ಒಪ್ಪಿದರು. ಅಕ್ಟೋಬರ್ 29ರಂದು ಇಸ್ರೇಲು ದಾಳಿಯಿಟ್ಟಿತು. ನವೆಂಬರ್ ಮೊದಲ ವಾರದಲ್ಲಿ ಬ್ರಿಟಿಷ್ ಸೈನ್ಯ ಪೋರ್ಟ್ ಸೈದಿನಲ್ಲಿ ಇಳಿಯಿತು. ಅಮೆರಿಕ ಕೆರಳಿತು, ಪೌಂಡು ಕುಸಿಯಿತು, ನೆಹರೂರವರು ಖಂಡಿಸಿದರು. ನವೆಂಬರ್ 6ರ ನಡುರಾತ್ರಿ ಯುದ್ಧ ನಿಂತಿತು. ಬಳಿಕ ಅಲ್ಲಿ ಶಾಂತಿ ಕಾಯಲು ಹೋದ ವಿಶ್ವಸಂಸ್ಥೆಯ ಪಡೆಯಲ್ಲಿ ನಮ್ಮ ಭಾರತೀಯ ಯೋಧರೂ ಇದ್ದರು.

ನವೆಂಬರ್ 23ರಂದು ಈಡನ್ನರು ವಿಶ್ರಾಂತಿಗೆಂದು ಜಮೈಕಾಕ್ಕೆ ತೆರಳಿದರು. ಹಿಂದಿರುಗಿ ಡಿಸೆಂಬರ್ 20ರಂದು ಪಾರ್ಲಿಮೆಂಟಿನಲ್ಲಿ, ಇಸ್ರೇಲಿನ ದಾಳಿ ತಮಗೆ ಮುಂಚೆ ತಿಳಿದಿರಲಿಲ್ಲವೆಂದು ಸುಳ್ಳಾಡಿದರು. 1957ರ ಜನವರಿ 9ರಂದು ರಾಜೀನಾಮೆಯಿತ್ತರು. ಆಗ ತಮ್ಮ ಸಹೋದ್ಯೋಗಿಗಳಿಗೆ ಅವರು ತಿಳಿಸಿದ ಕಾರಣ ಗಮನಾರ್ಹವಾದುದು: ಶಸ್ತ್ರಚಿಕಿತ್ಸೆಗಳ ಬಳಿಕ ತೆಗೆದುಕೊಳ್ಳುತ್ತಿದ್ದ ಮದ್ದನ್ನು ನಾಸರರ ಕ್ರಮದ ನಂತರ ಬಹಳ ಹೆಚ್ಚಿಸಬೇಕಾಯಿತು, ಅದರ ಜಡವನ್ನು ಕಳೆಯಲು ಉತ್ತೇಜಕಗಳನ್ನೂ ಹೆಚ್ಚಿಸಬೇಕಾಯಿತು, ಇದು ಒಡಲನ್ನು ಕೆಡಿಸಿತು ಎಂಬುದು ಅದರ ಸಾರಾಂಶ.

ಹಾಗಾದರೆ ಸೂಯೆಜ್ ಯುದ್ಧವನ್ನು ಗುಳಿಗೆಯ ತಲೆಗೆ ಕಟ್ಟಬಹುದೆ? ಕೂಡದೆಂದು ನನ್ನ ಅಭಿಪ್ರಾಯ. ಫ್ರಾನ್ಸಿನ ಮಂತ್ರಿಗಳೂ ಅದೇ ನಿರ್ಣಯಕ್ಕೆ ಬಂದರು. ಈಡನ್ನರ ಮಂತ್ರಿಮಂಡಲದಲ್ಲಿಯೂ ಅನೇಕರು ಅವರ ಜೊತೆಗಿದ್ದರು. ಸಾಮ್ರಾಜ್ಯದ ಅಹಂಕಾರವು ಔಷಧದ ಅಂಗಡಿಯಲ್ಲಿ ಸಿಕ್ಕುವ ವಸ್ತುವಲ್ಲ. ಆದರೆ ಜಿನೀವಾದಲ್ಲಿ ಕಂಡ ತಾಳ್ಮೆ ಸೂಯೆಜ್ಜಿನಲ್ಲಿ ಏಕೆ ಕಾಣಲಿಲ್ಲವೆಂದು ಕೇಳುವಾಗ, ನಿದ್ದೆಗೆಟ್ಟು, ಜ್ವರದಿಂದೆದ್ದು, ಎರಡು ಮದ್ದುಗಳ ಜಗ್ಗಾಟದ ನಡುವೆ ಕುಳಿತ ಆ ಮನುಷ್ಯನನ್ನು ಮರೆಯುವುದೂ ನ್ಯಾಯವಲ್ಲ. ತನ್ನ ದಣಿವೆಷ್ಟು ಎಂಬುದೇ ತನಗೆ ತಿಳಿಯದವನು ತನ್ನ ವಿವೇಕವನ್ನು ಅಳೆಯುವುದು ಹೇಗೆ?

ಈಡನ್ನರು ಮುಂದೆ ಇಪ್ಪತ್ತು ವರ್ಷ ಬದುಕಿ, ಏವನ್ನಿನ ಅರ್ಲ್ ಎನಿಸಿ, ಸ್ಮೃತಿಗ್ರಂಥಗಳನ್ನು ಬರೆದು, 1977ರ ಜನವರಿ 14ರಂದು ತೀರಿಕೊಂಡರು. ಡ್ರಿನಮಿಲ್ ಅಷ್ಟರಲ್ಲಿ ಬ್ರಿಟನ್ನಿನ ತರುಣರ ಚಟವಾಗಿ, 1964ರಲ್ಲಿ ಅದನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವುದನ್ನು ಕಾಯಿದೆಯಿಂದ ತಡೆಯಬೇಕಾಗಿತ್ತು.

ಇಂದಿನ ವೈದ್ಯರೂ ಕೆಲವು ರೋಗಿಗಳಿಗೆ ಉತ್ತೇಜಕ, ಖಿನ್ನತೆಯ ಮದ್ದು, ತಳಮಳದ ಮದ್ದು ಇವುಗಳನ್ನು ಜೊತೆಯಾಗಿ ಕೊಡುವುದುಂಟು. ಅದರಿಂದ ಬದುಕು ಹಸನಾದವರೂ ಉಂಟು. ಆದರೆ ಅವರು ಒಂದೊಂದರ ಪ್ರಮಾಣವನ್ನೂ ಬೇರೆಬೇರೆಯಾಗಿ ತೂಗಿ, ನಾಡಿ, ರಕ್ತದೊತ್ತಡ, ನಿದ್ದೆಗಳನ್ನು ವಿಚಾರಿಸುತ್ತಿರುತ್ತಾರೆ. ಖಿನ್ನತೆಯ ಕೆಲವು ಔಷಧಗಳೊಡನೆ ಉತ್ತೇಜಕ ಸೇರಿದರೆ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಏರಬಲ್ಲದು. ಇನ್ನು ಕೆಲವು, ಉತ್ತೇಜಕವು ಬೇಗನೆ ದೇಹದಿಂದ ಹೊರಹೋಗದಂತೆ ಮಾಡುತ್ತವೆ. ತಳಮಳದ ಮದ್ದನ್ನು ಬಹುಕಾಲ ಸೇವಿಸಿ ಥಟ್ಟನೆ ಬಿಟ್ಟರೆ ಸೆಳವು ಬರಬಹುದು. ಆದುದರಿಂದ ಸೇರಿಸುವುದೂ ಬಿಡುವುದೂ ವೈದ್ಯರ ಕೈಯಲ್ಲಿರಬೇಕು.

ಪರೀಕ್ಷೆ ಸಮೀಪಿಸುತ್ತಲೇ ನಿದ್ದೆಗೆಡಲು ಒಂದು ಮಾತ್ರೆ, ಎದೆಬಡಿತ ತಗ್ಗಿಸಲು ಇನ್ನೊಂದು ಮಾತ್ರೆ ಎಂದು ಗೆಳೆಯರಿಂದ ಗೆಳೆಯರಿಗೆ ಕೈ ಬದಲಾಯಿಸುವ ಪುಡಿಕೆಗಳ ಮಾತು ವಿದ್ಯಾರ್ಥಿನಿಲಯಗಳಲ್ಲಿ ಕೇಳಿಬರುತ್ತದೆ. ಒಂದು ಸಾಮ್ರಾಜ್ಯದ ಪ್ರಧಾನಿಗೆ, ನಾಡಿನ ಶ್ರೇಷ್ಠ ವೈದ್ಯರು ಎದುರಿಗಿದ್ದರೂ, ಈ ಲೆಕ್ಕ ಸರಿಹೊಂದಲಿಲ್ಲ. ಆಂತರ್ಯ ಕುಗ್ಗಿದಾಗ ವೈದ್ಯರಲ್ಲಿ ಹೋಗಲು ನಾಚಬೇಕಾದುದಿಲ್ಲ. ದಣಿವಾದಾಗ ಮಲಗಲೂ ನಾಚಬೇಕಾದುದಿಲ್ಲ.